ಮೈಕೈ ನೋವಿಗೆ ಮಾತ್ರೆಯೋ ಮಸಾಜೋ? ಮುಂಬಯಿಯಲ್ಲಿರುವವರು ಆರಿಸಿಕೊಳ್ಳುವುದು ಹೇಗೆ

ಸಂಜೆ ಡೊಂಬಿವಲಿ ಲೋಕಲ್ ಇಳಿದು ಬರುವವರಿಗೆ ಕುತ್ತಿಗೆ ಹಿಡಿದುಕೊಂಡಿರುತ್ತದೆ. ಮಾಟುಂಗಾದ ಹೋಟೆಲಿನಲ್ಲಿ ಬೆಳಗಿನಿಂದ ದೋಸೆಕಲ್ಲಿನ ಮುಂದೆ ನಿಂತವರಿಗೆ ಸೊಂಟ, ಮೀನಖಂಡ ಎರಡೂ ಸೆಳೆಯುತ್ತವೆ. ಜನವರಿಯಲ್ಲಿ ಮ್ಯಾರಥಾನ್ ಓಡಿದವರಿಗೆ ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ. ಇವರೆಲ್ಲರ ಪ್ರಶ್ನೆ ಒಂದೇ: ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವ ಬದಲು ಮಸಾಜ್ ಮಾಡಿಸಿಕೊಂಡರೆ ಆಗದೇ?

ಹಲವು ಸಲ ಆಗುತ್ತದೆ, ಎಲ್ಲ ಸಲವೂ ಅಲ್ಲ. ಮಸಾಜ್ ನೈಸರ್ಗಿಕ, ಮಾತ್ರೆ ಕೆಮಿಕಲ್ ಎಂದು ಹೋಲಿಸಿದರೆ ಉತ್ತರ ಸಿಗುವುದಿಲ್ಲ. ನೋವು ಎಷ್ಟು ದಿನದ್ದು, ಹೇಗೆ ಬಂತು ಎಂದು ಕೇಳಿಕೊಂಡರೆ ಸಿಗುತ್ತದೆ. ನಿನ್ನೆ ಮೊನ್ನೆ ಬಂದು ನಿದ್ದೆ ಕೆಡಿಸುತ್ತಿರುವ ನೋವಿಗೆ ಎರಡು ಮೂರು ದಿನ ಜೆಲ್ ಅಥವಾ ಮಾತ್ರೆ ಸರಿ. ವಾರ ದಾಟಿದ ಬಿಗಿತಕ್ಕೆ ಮಸಾಜ್ ಮೇಲು, ಅದರ ಬೆನ್ನಿಗೇ ವ್ಯಾಯಾಮ ಬೇಕು. ವಾರಗಟ್ಟಲೆ ಮಾತ್ರೆ ನುಂಗುವುದು ಮತ್ತು ಉಳುಕಿದ ದಿನವೇ ಬಲವಾಗಿ ತಿಕ್ಕಿಸಿಕೊಳ್ಳುವುದು, ಇವೆರಡೂ ನಮ್ಮ ಮನೆಗಳಲ್ಲಿ ದಿನವೂ ನಡೆಯುವ ತಪ್ಪುಗಳು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲು ಜ್ವರ ಇದೆಯೇ ನೋಡಿ. ಇದ್ದರೆ ಈ ಹೋಲಿಕೆಯೇ ಬೇಡ, ಅದರ ಕಾರಣ ಮುಂದೆ ಹೇಳಿದೆ. ಆಮೇಲೆ ನೋವಿನ ವಯಸ್ಸು: 72 ಗಂಟೆಯೊಳಗಿನದೋ, ಕೆಲವು ವಾರದ್ದೋ, ಮೂರು ತಿಂಗಳು ದಾಟಿದ್ದೋ. ನಂತರ ಬಂದ ಬಗೆ: ಬಿದ್ದು, ತಿರುಚಿಕೊಂಡು ಬಂತೇ, ಅಭ್ಯಾಸವಿಲ್ಲದ ಕೆಲಸ ಮಾಡಿ ಬಂತೇ, ದಿನವೂ ಒಂದೇ ಭಂಗಿಯಲ್ಲಿ ಕೂತು ನಿಂತು ಬಂತೇ.

ಆಮೇಲೆ ಬಹಳ ಜನ ಮರೆಯುವ ವಿಷಯ: ಈಗಾಗಲೇ ಯಾವ ಮಾತ್ರೆ ನಡೆಯುತ್ತಿದೆ? ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ, ಕಿಡ್ನಿ ತೊಂದರೆ, ಆಸ್ತಮಾ, ಹಿಂದೆಂದೋ ಆದ ಅಲ್ಸರ್, ಇವುಗಳಲ್ಲಿ ಒಂದಿದ್ದರೂ ತಕ್ಕಡಿ ಮಾತ್ರೆಯಿಂದ ದೂರ ವಾಲುತ್ತದೆ. ಕೊನೆಯದಾಗಿ ಹಣ ಮತ್ತು ಸಮಯ. ನಾಳೆ ಬೆಳಗ್ಗೆ ಡ್ಯೂಟಿಗೆ ಹೋಗಲೇಬೇಕಾದವರ ಅಗತ್ಯ ಬೇರೆ, ತಿಂಗಳಿಡೀ ವಾರಕ್ಕೊಂದು ಗಂಟೆ ಕೊಡಬಲ್ಲವರ ಅಗತ್ಯ ಬೇರೆ.

ಇವೆರಡೂ ಬೇಡದ ನೋವುಗಳು

ಹೋಲಿಕೆಗಿಂತ ಮುಖ್ಯವಾದದ್ದು ಇದು. ಎಣ್ಣೆ ತಿಕ್ಕುವುದರಲ್ಲಿ ಅಥವಾ ಮಾತ್ರೆ ನುಂಗುವುದರಲ್ಲಿ ಕಳೆದ ನಾಲ್ಕು ದಿನ ಕೆಲವು ಕಾಯಿಲೆಗಳಲ್ಲಿ ಜೀವಕ್ಕೇ ಬರುತ್ತದೆ.

ಮಳೆಗಾಲದಲ್ಲಿ ಹಿಂದ್‌ಮಾತಾ, ಸಯನ್, ಕುರ್ಲಾ ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ ಒಂದೆರಡು ವಾರದಲ್ಲಿ ಜ್ವರ ಬಂದು, ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವಾಗಿ, ಕಣ್ಣು ಕೆಂಪಾದರೆ ಅದು ನಡೆದ ದಣಿವಲ್ಲ. ಲೆಪ್ಟೊಸ್ಪೈರೋಸಿಸ್ ಇರಬಹುದು. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಬರುವ ಈ ಸೋಂಕು ಕಿಡ್ನಿಗೆ ಹೋಗುತ್ತದೆ, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಯೂ ಅದೇ ಕಿಡ್ನಿಗೆ ಭಾರ. ಅಂಥ ನೀರಿನಲ್ಲಿ ನಡೆದವರು ಜ್ವರ ಬರುವ ತನಕ ಕಾಯದೆ 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋದರೆ ಮುಂಜಾಗ್ರತೆಯ ಔಷಧ ಬೇಕೋ ಬೇಡವೋ ಅಲ್ಲಿಯೇ ಹೇಳುತ್ತಾರೆ. ಡೆಂಗಿಯ ಅನುಮಾನವಿದ್ದರೆ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ, ಅಥವಾ ಆಪರೇಷನ್ ಆಗಿ ಮಲಗಿದ್ದವರಿಗೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ಯಾರೂ ಕೈ ಹಾಕಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ತಿಕ್ಕಿದಾಗ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸಂಜೆ ಹೊತ್ತಿನ ಸಣ್ಣ ಜ್ವರ, ಇಳಿಯುವ ತೂಕ, ಬೆನ್ನುಮೂಳೆಯ ಒಂದೇ ಜಾಗದಲ್ಲಿ ಹಗಲಿರುಳು ನೋವು ಕಂಡರೆ ಬೆನ್ನಿನ ಕ್ಷಯ ಇಲ್ಲವೆಂದು ಮೊದಲು ಖಚಿತವಾಗಬೇಕು. ಕ್ಷಯ ಹೆಚ್ಚಿರುವ ಮುಂಬಯಿಯಲ್ಲಿ ಇದನ್ನು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಮೆಟ್ಟಿಲು ಹತ್ತುವಾಗ ಎಡಭುಜ, ದವಡೆ, ಎದೆ ಹಿಡಿದು ಬೆವರಿದರೆ ಅದು ಹೃದಯ, ನೇರ ಆಸ್ಪತ್ರೆ. ಸೊಂಟನೋವಿನ ಜೊತೆ ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಅದೂ ಅಂದೇ ಹೋಗಬೇಕಾದದ್ದು.

ಹೊಸದಾಗಿ ಜಿಮ್ ಸೇರಿ ಮೊದಲ ದಿನವೇ ಮಿತಿಮೀರಿ ಮಾಡಿದವರು ಮೂತ್ರದ ಬಣ್ಣ ನೋಡಿಕೊಳ್ಳಬೇಕು. ಕಪ್ಪು ಚಹಾದ ಬಣ್ಣ ಬಂದರೆ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೋಗುತ್ತಿದೆ ಎಂದರ್ಥ. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಎರಡೂ ತೊಡೆ, ಎರಡೂ ಭುಜ ಒಟ್ಟಿಗೆ ನೋಯತೊಡಗಿದರೆ ಕೊಟ್ಟ ವೈದ್ಯರಿಗೇ ತಿಳಿಸಿ. ತಾವಾಗಿ ನಿಲ್ಲಿಸುವುದು ಬೇಡ, ತಿಕ್ಕಿಸಿಕೊಂಡು ಸುಮ್ಮನಿರುವುದೂ ಬೇಡ. ಥೈರಾಯ್ಡ್ ಮತ್ತು ವಿಟಮಿನ್ ಡಿ ಕೊರತೆಯೂ ಮೈಯೆಲ್ಲ ನೋಯಿಸುತ್ತವೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಮಾತ್ರೆಯ ದಾರಿ

ಮೆಡಿಕಲ್‌ನಲ್ಲಿ "ಮೈಕೈ ನೋವಿಗೆ ಏನಾದರೂ ಕೊಡಿ" ಎಂದರೆ ಕೈಗೆ ಬರುವುದು ಮೂರು ಜಾತಿಯ ಮಾತ್ರೆ. ಬ್ರ್ಯಾಂಡ್ ಹೆಸರು ನೋಡದೆ ಮಾತ್ರೆಪಟ್ಟಿಯ (ಸ್ಟ್ರಿಪ್) ಹಿಂಬದಿಯ ಸಣ್ಣಕ್ಷರ ಓದುವ ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಮೊದಲನೆಯದು ಪ್ಯಾರಾಸಿಟಮಾಲ್. ಡೋಲೊ 650, ಕ್ರೋಸಿನ್ ಎಲ್ಲ ಇದೇ. ಹೊಟ್ಟೆಗೆ ಮೃದು, ಬಿಪಿಯವರಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650ರ ಮಾತ್ರೆ ಆರೇ. ಸಣಕಲು ಮೈಯವರು, ದಿನವೂ ಕುಡಿಯುವವರು, ಲಿವರ್ ತೊಂದರೆಯವರು ಅದಕ್ಕಿಂತ ಬಹಳ ಕಡಿಮೆಯಲ್ಲಿ, ವೈದ್ಯರನ್ನು ಕೇಳಿಯೇ ಇರಬೇಕು. ಅಪಾಯ ಬರುವುದು ಗೊತ್ತಿಲ್ಲದೆ ಎರಡೆರಡು ಕಡೆಯಿಂದ ಸೇರಿದಾಗ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ, ನೆಗಡಿಯ ಮಾತ್ರೆಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಮೂರನ್ನೂ ಒಂದೇ ದಿನ ನುಂಗಿದವರು ಲೆಕ್ಕ ಹಾಕಿರುವುದಿಲ್ಲ. ಇನ್ನೊಂದು ಮಾತು: ಸೊಂಟನೋವಿಗೆ ಇದು ದುರ್ಬಲ ಔಷಧ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯದ ದೊಡ್ಡ ಪ್ರಯೋಗದಲ್ಲಿ, ಹೊಸ ಸೊಂಟನೋವು ವಾಸಿಯಾಗುವ ವೇಗದಲ್ಲಿ ಪ್ಯಾರಾಸಿಟಮಾಲ್‌ಗೂ ಔಷಧವಿಲ್ಲದ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಉರಿಯೂತ ಇಳಿಸುವ ಜಾತಿ: ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರಾಕ್ಸೆನ್. ಉಳುಕು, ಹಠಾತ್ತನೆ ಹಿಡಿದ ಸೊಂಟ, ಊದಿಕೊಂಡ ಸ್ನಾಯುವಿಗೆ ಇವು ನಿಜವಾಗಿ ಕೆಲಸ ಮಾಡುತ್ತವೆ. ಐಬುಪ್ರೊಫೆನ್ 400 ಅರ್ಧದಿಂದ ಒಂದು ಗಂಟೆಯಲ್ಲಿ ಹಿಡಿದು ನಾಲ್ಕರಿಂದ ಆರು ಗಂಟೆ ನಿಲ್ಲುತ್ತದೆ. ವೈದ್ಯರನ್ನು ಕಾಣದೆ ತೆಗೆದುಕೊಳ್ಳುವುದಾದರೆ ದಿನಕ್ಕೆ 1200 ಮಿಲಿಗ್ರಾಂ, ಮೂರು ದಿನ, ಊಟವಾದ ಮೇಲೆ, ನೀರು ಧಾರಾಳವಾಗಿ. ಈ ಗೆರೆ ದಾಟಬೇಡಿ. ಖಾಲಿ ಹೊಟ್ಟೆಯಲ್ಲಿ ಕಟ್ಟಿಂಗ್ ಚಹಾದ ಜೊತೆ ನುಂಗಿ ಕೆಲಸಕ್ಕೆ ಓಡುವ ರೂಢಿ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ. ಮಲ ಟಾರಿನಂತೆ ಕಪ್ಪಾಗಿ ಬಂದರೆ ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿದು ಅಂದೇ ಆಸ್ಪತ್ರೆಗೆ ಹೋಗಬೇಕು.

ಹಿರಿಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್, ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಈ ಜಾತಿಯದೊಂದು ನೋವಿನ ಮಾತ್ರೆ: ಈ ಮೂರು ಸೇರಿದರೆ ಕಿಡ್ನಿಗೆ ಹೋಗುವ ರಕ್ತವೇ ಇಳಿಯುತ್ತದೆ. ಮೇ ತಿಂಗಳ ಬೆವರಿನಲ್ಲಿ ಮೈಯ ನೀರು ಬತ್ತಿದ್ದರೆ ಇನ್ನೂ ಬೇಗ. ಎರಡು ಕಾಲಿನ ಪಾದ ಊದುವುದು, ಮೂತ್ರ ಕಡಿಮೆಯಾಗುವುದು ಇದರ ಗುರುತು. ಹೃದಯದ ತೊಂದರೆಯವರಿಗೆ ಡೈಕ್ಲೊಫೆನಾಕ್ ಮಾತ್ರೆ ಬೇಡ. ಗರ್ಭಿಣಿಯರು, ಮುಖ್ಯವಾಗಿ 20 ವಾರ ದಾಟಿದವರು, ಈ ಜಾತಿಯನ್ನು ತಾವಾಗಿ ಮುಟ್ಟಲೇಬಾರದು.

ಮೂರನೆಯದು ಸ್ನಾಯು ಸಡಿಲಿಸುವ ಮಾತ್ರೆ: ಟಿಜಾನಿಡಿನ್, ಥಯೊಕಾಲ್ಚಿಕೊಸೈಡ್, ಕ್ಲೋರ್‌ಜೊಕ್ಸಾಜೋನ್. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ, ವೈದ್ಯರ ಚೀಟಿ ಬೇಕಾದ ಔಷಧಗಳಿವು. ಸೊಂಟ ಒಂದೇ ಬದಿಗೆ ವಾಲಿ ಹಿಡಿದಿರುವಾಗ ಎರಡು ಮೂರು ರಾತ್ರಿ ಇವು ಉಪಕಾರ ಮಾಡುತ್ತವೆ. ಆದರೆ ಮಂಪರು ಬರುತ್ತದೆ, ಟಿಜಾನಿಡಿನ್‌ನಲ್ಲಿ ಬಿಪಿಯೂ ಇಳಿಯುತ್ತದೆ. ಬೆಳಗ್ಗೆ ಒಂದು ನುಂಗಿ ಲೋಕಲ್‌ನ ಬಾಗಿಲಲ್ಲಿ ನಿಲ್ಲುವವರು, ರಿಕ್ಷಾ, ಟ್ಯಾಕ್ಸಿ ಓಡಿಸುವವರು, ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವರು ಇದನ್ನು ಹಗಲಲ್ಲಿ ತೆಗೆದುಕೊಳ್ಳಬಾರದು. ಹೊಟ್ಟೆ ಕೆಟ್ಟಾಗ ಕೊಡುವ ಸಿಪ್ರೊಫ್ಲಾಕ್ಸಾಸಿನ್ ನಡೆಯುತ್ತಿದ್ದರೆ ಟಿಜಾನಿಡಿನ್ ಪೂರ್ತಿ ವರ್ಜ್ಯ, ಎರಡೂ ಸೇರಿ ಬಿಪಿ ಅಪಾಯಕ್ಕೆ ಇಳಿಯುತ್ತದೆ. ಥಯೊಕಾಲ್ಚಿಕೊಸೈಡ್ ನುಂಗುವುದನ್ನು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಏಳು ದಿನಕ್ಕೆ ಮಿತಿಗೊಳಿಸಿದರು, ಗರ್ಭಿಣಿಯರಿಗೆ ಬೇಡವೆಂದರು.

ನಡುವಿನ ದಾರಿ: ಜೆಲ್ ಮತ್ತು ಶಾಖ

ಮಾತ್ರೆ ಮತ್ತು ಮಸಾಜ್ ನಡುವೆ ತೂಗಾಡುವವರು ಇವೆರಡನ್ನು ಮರೆತುಬಿಡುತ್ತಾರೆ. ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸಣ್ಣ ಪಾಲು. ಹಾಗಾಗಿ ಹೊಟ್ಟೆ, ಕಿಡ್ನಿಗೆ ಭಾರ ಕಡಿಮೆ. ಅಮೆರಿಕದ ವೈದ್ಯರ ಎರಡು ಸಂಘಟನೆಗಳು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆನ್ನು ಬಿಟ್ಟು ಉಳಿದ ಕಡೆಯ ಹೊಸ ಸ್ನಾಯು ಮತ್ತು ಕೀಲು ನೋವಿಗೆ ಮೊದಲ ಆಯ್ಕೆಯಾಗಿ ಹೇಳಿದ್ದು ಈ ಬಗೆಯ ಹಚ್ಚುವ ಔಷಧವನ್ನೇ.

ಹಚ್ಚುವ ಅಳತೆ ಮುಖ್ಯ. ಬಟಾಣಿ ಗಾತ್ರ ಹಚ್ಚಿ "ಏನೂ ಆಗಲಿಲ್ಲ" ಎನ್ನುವವರೇ ಹೆಚ್ಚು. ಅಂಗೈಯಷ್ಟು ಜಾಗಕ್ಕೆ ಎರಡು ಗ್ರಾಂ, ಇಡೀ ಮೀನಖಂಡಕ್ಕೆ ನಾಲ್ಕು ಗ್ರಾಂ, ದಿನಕ್ಕೆ ಮೂರು ಸಲ ಬೇಕು. ಅಂದರೆ 30 ಗ್ರಾಂ ಟ್ಯೂಬ್ ಮೂರರಿಂದ ಐದು ದಿನಕ್ಕೆ ಮುಗಿಯುತ್ತದೆ. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಸುತ್ತುವುದು, ಬಿಸಿನೀರಿನ ಚೀಲ ಇಡುವುದು ಬೇಡ. ಬಹಳ ಜೆಲ್‌ಗಳಲ್ಲಿ ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಬೆರೆತಿರುತ್ತವೆ. ಶಾಖ ಸೇರಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮು ಹಚ್ಚಿದರೂ ರಕ್ತಸ್ರಾವದ ಅಪಾಯವಿದೆ. ದೊಡ್ಡ ಬೆನ್ನಿನ ಆಳದ ಸ್ನಾಯುವಿಗೆ ಜೆಲ್ ಅಷ್ಟಾಗಿ ಇಳಿಯುವುದಿಲ್ಲ. ಕುತ್ತಿಗೆ, ಮುಂಗೈ, ಕಣಕಾಲು, ಮೀನಖಂಡ ಇದರ ಜಾಗ.

ಶಾಖಕ್ಕೆ ಖರ್ಚೇ ಇಲ್ಲ. ಸೊಂಟ ಹಿಡಿದಾಗ ಟವಲ್ ಸುತ್ತಿದ ಬಿಸಿನೀರಿನ ಚೀಲ 15–20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕಣಕಾಲು ಉಳುಕಿ ಊದಿದ್ದರೆ ಮೊದಲ ಎರಡು ದಿನ ಶಾಖ ಬೇಡ, ಬಟ್ಟೆ ಸುತ್ತಿದ ಮಂಜುಗಡ್ಡೆ 10–15 ನಿಮಿಷ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಸುಟ್ಟದ್ದು ಗುಳ್ಳೆ ಬಂದ ಮೇಲೆಯೇ ಗೊತ್ತಾಗುವುದು. ಅವರ ಕಾಲಿಗೆ ಬಿಸಿಚೀಲ ಇಡಲೇಬೇಡಿ.

ಮಸಾಜ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

"ಲ್ಯಾಕ್ಟಿಕ್ ಆಸಿಡ್ ಹೊರಹಾಕುತ್ತದೆ" ಎಂದು ಸ್ಪಾಗಳಲ್ಲಿ ಹೇಳುವುದು ಸರಿಯಲ್ಲ. ಶ್ರಮ ಪಡುವಾಗ ಸ್ನಾಯುವಿನಲ್ಲಿ ಹುಟ್ಟುವ ಈ ಆಮ್ಲ ಓಡಿದ ಒಂದೆರಡು ಗಂಟೆಯೊಳಗೆ ತಾನಾಗಿಯೇ ಇಳಿದಿರುತ್ತದೆ, ಮರುದಿನದ ನೋವಿಗೆ ಅದು ಕಾರಣವೂ ಅಲ್ಲ. ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟು, ಅದರ ರಿಪೇರಿಗೆ ಬಂದ ಉರಿಯೂತ, ಇವೇ 24ರಿಂದ 72 ಗಂಟೆಯ ನಡುವೆ ಹೆಚ್ಚು ನೋಯಿಸುವುದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಕಠಿಣ ವ್ಯಾಯಾಮದ ನಂತರ ತೊಡೆಗೆ ಹತ್ತು ನಿಮಿಷ ಮಸಾಜ್ ಮಾಡಿ ಸ್ನಾಯುವಿನ ಚೂರು ತೆಗೆದು ನೋಡಿದಾಗ ಲ್ಯಾಕ್ಟಿಕ್ ಆಸಿಡ್ ಮಟ್ಟದಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ ಉರಿಯೂತದ ಸೂಚನೆಗಳು ತಗ್ಗಿದ್ದವು.

ದೊಡ್ಡ ಪರಿಣಾಮ ನರಮಂಡಲದ್ದು. ಹಿತವಾದ ಒತ್ತಡದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸುತ್ತದೆ, ಬಿಗಿಹಿಡಿದಿದ್ದ ಸ್ನಾಯು ಕಾವಲು ಬಿಡುತ್ತದೆ, ನಿದ್ದೆ ಬರುತ್ತದೆ. ಆದರೆ ಈ ಪರಿಣಾಮ ದಿನಗಳ ಲೆಕ್ಕದ್ದು. ಸೊಂಟನೋವಿಗೆ ಮಸಾಜ್ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದ 2015ರ ಕಾಕ್ರೇನ್ ಪರಿಶೀಲನೆಯೂ ಲಾಭ ಅಲ್ಪಾವಧಿಯದು, ಪುರಾವೆಯ ಗುಣಮಟ್ಟ ಕಡಿಮೆ ಎಂದೇ ಹೇಳಿತು. ಹೀಗಿದ್ದೂ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊಸ ಸೊಂಟನೋವಿಗೆ ಮೊದಲು ಶಾಖ, ಮಸಾಜ್‌ನಂಥ ಔಷಧವಿಲ್ಲದ ದಾರಿ ನೋಡಿ, ಬೇಕೆಂದರೆ ಮಾತ್ರೆ ಎಂದಿತು. ಮಸಾಜ್ ಮಾಯಾಜಾಲ ಮಾಡುತ್ತದೆ ಎಂದಲ್ಲ, ಸರಿಯಾಗಿ ಮಾಡಿದರೆ ಕೆಡುಕು ಬಹಳ ಕಡಿಮೆ ಎಂಬುದು ಅದರ ಹಿಂದಿನ ಲೆಕ್ಕ. ನನ್ನ ತೀರ್ಮಾನವೂ ಅದೇ.

ಯಾರ ಕೈ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಚೌಪಾಟಿಯ ಮಾಲಿಶ್‌ವಾಲಾ, ಸಲೂನಿನ ಚಂಪಿ ಕಡಿಮೆ ದುಡ್ಡಿನವು, ದಣಿವಿಗೆ ಹಿತ. ಹೆಗಲು, ತೋಳು, ಕಾಲಿಗೆ ಮಾಡಿಸಿಕೊಳ್ಳಿ. "ಹಲ್ಕೆ ಹಾಥ್ ಸೇ" (ಹಗುರ ಕೈಯಿಂದ) ಎಂದು ಮೊದಲೇ ಹೇಳಿ. ಕೊನೆಯಲ್ಲಿ ತಲೆ ಹಿಡಿದು ಕಟಕ್ಕೆಂದು ಕುತ್ತಿಗೆ ತಿರುಗಿಸುವುದನ್ನು ಮಾತ್ರ ಖಡಾಖಂಡಿತ ಬೇಡವೆನ್ನಿ. ಕುತ್ತಿಗೆಯ ಮೂಳೆಗಳ ಒಳಗಿಂದ ಮೆದುಳಿಗೆ ಹೋಗುವ ರಕ್ತನಾಳಗಳಿವೆ. ಹಠಾತ್ ತಿರುವಿಗೆ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಆಗುವುದು ಅಪರೂಪವಾದರೂ ಆದರೆ ಮರಳಿ ಬಾರದ ನಷ್ಟ.

ಸ್ಪಾಗಳಲ್ಲಿ ಒಂದು ಗಂಟೆಗೆ ಸಾಮಾನ್ಯವಾಗಿ 1,500ರಿಂದ 3,000 ರೂಪಾಯಿ. ಒತ್ತಡ, ನಿದ್ರೆಯ ಕೊರತೆಯಿಂದ ಬಿಗಿದ ಮೈಗೆ ಒಳ್ಳೆಯದು. ಆದರೆ ಇಡೀ ಮೈಗೆ ಹಂಚಿದ ಅರವತ್ತು ನಿಮಿಷದಲ್ಲಿ ನೋಯುವ ಹೆಗಲಿಗೆ ಸಿಗುವುದು ಐದಾರು ನಿಮಿಷ. "ಬೆನ್ನು, ಹೆಗಲಿಗೆ ಮಾತ್ರ ಅರ್ಧ ಗಂಟೆ" ಎಂದು ಕೇಳಿದರೆ ದುಡ್ಡೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಆಯುರ್ವೇದ ಕೇಂದ್ರದ ಅಭ್ಯಂಗ ಇದಕ್ಕಿಂತ ಭಿನ್ನ. ಬಿಸಿ ಎಣ್ಣೆ, ಇಬ್ಬರ ಕೈ, ಆಮೇಲೆ ಹಬೆ. ವಾತದ ನೋವು, ಚಳಿಯಲ್ಲಿ ಹೆಚ್ಚುವ ಬಿಗಿತ ಇರುವವರು ಇದನ್ನು ಇಷ್ಟಪಡುತ್ತಾರೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ, ಹೃದಯದ ತೊಂದರೆಯವರಿಗೆ ಹಬೆಪೆಟ್ಟಿಗೆ ಬೇಡ. ವೈದ್ಯರು ಬಿಎಎಂಎಸ್ (ಆಯುರ್ವೇದ ಪದವಿ) ಓದಿದವರೇ, ನಿಮ್ಮನ್ನು ಪರೀಕ್ಷಿಸಿದ ಮೇಲೆ ಎಣ್ಣೆ ಆರಿಸಿದರೇ ಎಂದು ನೋಡಿ. ವರ್ಲಿಯ ಪೊದಾರ್ ಆಯುರ್ವೇದ ಆಸ್ಪತ್ರೆ ಸರ್ಕಾರಿ. ಖಾಸಗಿ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅಲ್ಲಿ ವಿಚಾರಿಸಬಹುದು.

ವಾರಗಳಿಂದ ಕಾಡುವ ನೋವಿಗೆ ನಾನು ಮೊದಲು ಸೂಚಿಸುವುದು ಫಿಸಿಯೊಥೆರಪಿಸ್ಟರ ಕೈ. ಅವರು ಮಸಾಜ್ ಮಾಡುವುದು ಹತ್ತು ಹದಿನೈದು ನಿಮಿಷವೇ. ಉಳಿದ ಸಮಯ ಯಾವ ಸ್ನಾಯು ಬಿಗಿದಿದೆ, ಯಾವುದು ಸೋತಿದೆ ಎಂದು ಹುಡುಕಿ ವ್ಯಾಯಾಮ ಕಲಿಸುತ್ತಾರೆ. ಉಪನಗರಗಳಲ್ಲಿ ಸಲವೊಂದಕ್ಕೆ ಸುಮಾರು 400ರಿಂದ 800, ಬಾಂದ್ರಾ, ಅಂಧೇರಿ ಕಡೆ ಅದಕ್ಕಿಂತ ಹೆಚ್ಚು. ಬಿಪಿಟಿ ಅಥವಾ ಎಂಪಿಟಿ ಪದವಿ, ಮಹಾರಾಷ್ಟ್ರದ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ದುಡ್ಡಿಲ್ಲದವರಿಗೆ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆ, ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇವೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಸಾಲು ಉದ್ದ. ಆದರೆ ಕೆಲವೇ ರೂಪಾಯಿಯಲ್ಲಿ ವೈದ್ಯರೂ ಫಿಸಿಯೊಥೆರಪಿಯೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ.

ಮನೆಯಲ್ಲೇ ಮಾಡಿಕೊಳ್ಳುವ ಎರಡು

ಹೆಗಲ ಗಂಟಿಗೆ ಒಂದು ಟೆನಿಸ್ ಚೆಂಡು ಸಾಕು. ಕುತ್ತಿಗೆಯ ಬುಡಕ್ಕೂ ಭುಜದ ತುದಿಗೂ ನಡುವೆ, ಸ್ವಲ್ಪ ಹಿಂದಕ್ಕೆ, ಒತ್ತಿದರೆ ಕಿವಿಯ ಹಿಂಭಾಗಕ್ಕೆ ನೋವು ಹರಿಯುವ ಜಾಗ ಸಿಗುತ್ತದೆ. ಭಾರದ ಚೀಲ ಹೊತ್ತು ಫೋನ್ ನೋಡುತ್ತಾ ನಿಲ್ಲುವವರಲ್ಲಿ ಇದು ಇದ್ದೇ ಇರುತ್ತದೆ. ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಗೋಡೆಗೂ ಆ ಜಾಗಕ್ಕೂ ನಡುವೆ ಇಟ್ಟು ಒರಗಿ. ಹತ್ತರಲ್ಲಿ ಐದರಷ್ಟು ನೋವಾಗುವಂತೆ ಒತ್ತಿ 30ರಿಂದ 60 ಸೆಕೆಂಡ್ ಹಾಗೇ ನಿಂತು ಉಸಿರು ನಿಧಾನಕ್ಕೆ ಬಿಡಿ. ನೋವು ಐದರಿಂದ ಎರಡಕ್ಕೆ ಇಳಿದಾಗ ಒಂದಿಂಚು ಸರಿಸಿ. ಒಂದು ಬದಿಗೆ ಮೂರು ಜಾಗ, ಒಟ್ಟು ಐದು ನಿಮಿಷ. ಬೆನ್ನುಮೂಳೆಯ ಮೇಲೆ, ಕುತ್ತಿಗೆಯ ಮುಂಭಾಗದಲ್ಲಿ ಚೆಂಡು ಬೇಡ. ಕೈಗೆ ಜುಮ್ಮೆಂದರೆ ನರದ ಮೇಲೆ ಕೂತಿದೆ, ಜಾಗ ಬದಲಿಸಿ.

ನಿಂತು ನಿಂತು ಬಿಗಿದ ಕಾಲಿಗೆ ಎಣ್ಣೆ. ದೀಪಾವಳಿಯ ಎಣ್ಣೆನೀರಿನ ರೂಢಿ ಗೊತ್ತಿರುವವರಿಗೆ ಇದು ಹೊಸದಲ್ಲ. ಒಂದು ಕಾಲಿಗೆ ಎರಡು ಚಹಾ ಚಮಚ ಎಳ್ಳೆಣ್ಣೆ ಸಾಕು. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಗ್ಯಾಸಿನ ಮೇಲೆ ನೇರ ಇಡಬೇಡಿ. ಮಣಿಕಟ್ಟಿಗೆ ಹಚ್ಚಿ ಬಿಸಿ ನೋಡಿ. ಕಣಕಾಲಿನಿಂದ ಮಂಡಿಯ ಕಡೆಗೆ ಅಂಗೈಯಿಂದ ನಿಧಾನವಾಗಿ ಎರಡು ನಿಮಿಷ ನೀವಿ, ಆಮೇಲೆ ಮೀನಖಂಡವನ್ನು ಬೆರಳು ಹೆಬ್ಬೆರಳ ನಡುವೆ ಹಿಡಿದು ಹಿಟ್ಟು ನಾದುವಂತೆ ಮೂರು ನಿಮಿಷ, ಮತ್ತೆ ಅಂಗೈಯಿಂದ ಒಂದು ನಿಮಿಷ. ಉಬ್ಬಿದ ನೀಲಿ ನಾಳಗಳ ಮೇಲೆ ಒತ್ತಬೇಡಿ. ಅರ್ಧ ಗಂಟೆ ಬಿಟ್ಟು ಬೆಚ್ಚಗಿನ ನೀರಲ್ಲಿ ತೊಳೆದು, ಪಾದದ ಅಡಿಯ ಎಣ್ಣೆ ಒರೆಸಿಯೇ ನಡೆಯಿರಿ. ಬಚ್ಚಲಿನ ನುಣುಪು ಟೈಲ್ಸ್ ಮೇಲೆ ಎಣ್ಣೆಗಾಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಹಿರಿಯರಿದ್ದಾರೆ.

"ನೋಯಿಸಿದಷ್ಟೂ ಒಳ್ಳೆಯದು" ಎಂಬ ನಂಬಿಕೆ ಬಿಡಿ. ಹಲ್ಲುಕಚ್ಚಿ ಸಹಿಸುವಷ್ಟು ಒತ್ತಿದರೆ ಸ್ನಾಯು ರಕ್ಷಣೆಗೆ ಇನ್ನಷ್ಟು ಬಿಗಿಯುತ್ತದೆ. ಮರುದಿನ ಸ್ವಲ್ಪ ನೋವಿದ್ದರೆ ಸಹಜ. ಕಂದು ನೀಲಿ ಗುರುತು ಬಂದರೆ, ಮೂರು ದಿನವಾದರೂ ಇಳಿಯದಿದ್ದರೆ ಒತ್ತಡ ಅತಿಯಾಯಿತು. ವಾರ್ಫರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಬಲವಾದ ಮಸಾಜ್ ಬೇಡವೇ ಬೇಡ.

ಯಾರಿಗೆ ಯಾವುದು

ಹೋಟೆಲಿನಲ್ಲಿ ನಿಂತು ದುಡಿಯುವವರಿಗೆ ದಿನದ ಮಾತ್ರೆ ಅತಿ ಕೆಟ್ಟ ಆಯ್ಕೆ, ಏಕೆಂದರೆ ಕಾರಣ ನಾಳೆಯೂ ಅಲ್ಲೇ ಇರುತ್ತದೆ. ರಾತ್ರಿ ಎಣ್ಣೆ, ಒಂದು ಕಾಲನ್ನು ಆಗಾಗ ಗಿಡ್ಡ ಮಣೆಯ ಮೇಲಿಟ್ಟು ನಿಲ್ಲುವುದು, ತೆಳುವಾದ ಚಪ್ಪಲಿಯ ಬದಲು ದಪ್ಪ ಅಟ್ಟೆಯ ಪಾದರಕ್ಷೆ. ಸೊಂಟ ಹಠಾತ್ತನೆ ಹಿಡಿದ ದಿನ ಮಾತ್ರ ಶಾಖ, ಜೊತೆಗೆ ಮೂರು ದಿನ ಐಬುಪ್ರೊಫೆನ್. ಪೂರ್ತಿ ಮಲಗಬೇಡಿ, ಮೆಲ್ಲಗೆ ಓಡಾಡುವವರೇ ಬೇಗ ಏಳುವುದು.

ಕಂಪ್ಯೂಟರ್ ಮುಂದೆ ಕೂತು, ಲೋಕಲ್‌ನಲ್ಲಿ ಜೋತು ಬರುವವರ ಕುತ್ತಿಗೆಗೆ ಚೆಂಡು, ಜೆಲ್ ಮತ್ತು ಆರು ಸಲ ಫಿಸಿಯೊ. 600 ರೂಪಾಯಿಯಂತೆ 3,600 ಆಗುತ್ತದೆ, ವಾರಕ್ಕೊಂದು 2,000ದ ಸ್ಪಾ ಮಾಡಿಸಿದರೆ ತಿಂಗಳಿಗೆ 8,000. ಕುತ್ತಿಗೆಯಿಂದ ಹುಟ್ಟುವ ತಲೆನೋವಿಗೆ ತಿಂಗಳಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಮಾತ್ರೆ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಿಸುತ್ತಿರಬಹುದು, ಆಗ ವೈದ್ಯರ ಜೊತೆ ಕೂತು ಬಿಡಿಸಿಕೊಳ್ಳಬೇಕು.

ಓಟಗಾರರು ಮೊದಲ ದಿನ ಲಘು ನಡಿಗೆ, ನೀರು, ಹಗುರ ಮಸಾಜ್ ಆರಿಸಲಿ. ಆಳದ ಒತ್ತಡ ಮೂರು ದಿನ ಕಳೆದ ಮೇಲೆ. ಓಟದ ಮೊದಲು ಮುಂಜಾಗ್ರತೆಗೆಂದು ನೋವಿನ ಮಾತ್ರೆ ನುಂಗುವುದು ಕಿಡ್ನಿಗೆ ನೇರ ಪೆಟ್ಟು.

ನಾಕಾದಲ್ಲಿ ದಿನಗೂಲಿಗೆ ನಿಲ್ಲುವವರಿಗೆ ಮಸಾಜಿನ ಗಂಟೆ ಎಂದರೆ ಕೂಲಿ ಬಿಟ್ಟಂತೆ. ಅವರಿಗೆ ಜನೌಷಧಿ ಅಂಗಡಿಯ ಅಗ್ಗದ ಜೆಲ್, ರಾತ್ರಿ ಶಾಖ, ಎದ್ದ ಕೂಡಲೇ ಐದು ನಿಮಿಷ ಸೊಂಟ ಸಡಿಲಿಸುವ ವ್ಯಾಯಾಮ. ಮಾತ್ರೆ ಬೇಕೇಬೇಕಾದರೆ ಊಟದ ಮೇಲೆ, ಕುಡಿದ ದಿನ ಬೇಡ.

ಅರವತ್ತೈದು ದಾಟಿದ, ಬಿಪಿ ಸಕ್ಕರೆ ಇರುವ ಅಪ್ಪ ಅಮ್ಮನಿಗೆ ಹಗುರ ಎಣ್ಣೆ ಮಸಾಜ್, ಅಗತ್ಯಕ್ಕೆ ಪ್ಯಾರಾಸಿಟಮಾಲ್, ಸ್ವಲ್ಪ ಜಾಗಕ್ಕೆ ಜೆಲ್. ಮೂಳೆ ಸವೆದಿರುವವರ ಬೆನ್ನಿನ ಮೇಲೆ ಮೊಣಕೈ ಊರಿ ಒತ್ತುವವರನ್ನು ಹತ್ತಿರ ಸೇರಿಸಬೇಡಿ. ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿ, ಪಕ್ಕಕ್ಕೆ ಮಲಗಿ, ಹಗುರವಾಗಿ ಮಾತ್ರ.

ಮಸಾಜಿಗೆ ದುಡ್ಡು ಹಾಕಲು ತೀರ್ಮಾನಿಸಿದರೆ ಹತ್ತು ಸಲದ ಪ್ಯಾಕೇಜ್ ಮುಂಗಡ ಕೊಡಬೇಡಿ. ಮೊದಲು ಮೂರು ಸಲ ಮಾಡಿಸಿ. ಶುರು ಮಾಡುವ ದಿನ ಕನ್ನಡಿ ಮುಂದೆ ನಿಂತು ಗದ್ದ ಎಡಕ್ಕೆ, ಬಲಕ್ಕೆ ಎಷ್ಟು ತಿರುಗುತ್ತದೆ, ಮುಂದೆ ಬಗ್ಗಿದರೆ ಬೆರಳು ಮಂಡಿಗೆ ತಾಗುತ್ತದೋ ಕಣಕಾಲಿಗೋ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂದು ಬರೆದಿಡಿ. ಮೂರನೆಯ ಸಲದ ಎರಡು ದಿನದ ನಂತರ ಮತ್ತೆ ನೋಡಿ. ಮೂರರಲ್ಲಿ ಎರಡಾದರೂ ಸುಧಾರಿಸಿದ್ದರೆ ಮುಂದುವರಿಸಿ, ವಾರಕ್ಕೊಂದರಿಂದ ಹದಿನೈದು ದಿನಕ್ಕೊಂದಕ್ಕೆ ಇಳಿಸಿ. ಮೇಜಿನ ಮೇಲಿದ್ದಾಗಷ್ಟೇ ಹಿತವಾಗಿ ಮರುದಿನ ಎಲ್ಲ ಹಾಗೇ ಇದ್ದರೆ ನಾಲ್ಕನೆಯದಕ್ಕೆ ಹೋಗದೆ ಮೂಳೆ ವೈದ್ಯರ ಬಳಿ ಹೋಗಿ, ಬರೆದಿಟ್ಟ ಹಾಳೆಯನ್ನೂ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ.